ಕೋಳಿಗೆ ಮೀಸುವ ಪೆಟ್ಟಿಗೆ

ನಮ್ಮ ಕಡೆಯಲ್ಲಿ ಕೋಳಿಯನ್ನು ಬೇಯಿಸುವುದೆಂದರೆ ಕುದಿಸುವುದೆಂದೇ ಅರ್ಥ. ಕೊತ್ತಂಬರಿ, ಜೀರಿಗೆ, ಮೆಂತೆ, ಬ್ಯಾಡಗಿ ಮೆಣಸುಗಳನ್ನು ಹುರಿದು ಅರೆದ ಮಸಾಲೆ, ತೆಂಗಿನಕಾಯಿಯ ಹಾಲು, ಅದರ ನಡುವೆ ಕೊತಕೊತನೆ ಕುದಿಯುವ ಕೋಳಿ. ಇಷ್ಟಿಲ್ಲದೆ ಕುಂದಾಪುರದ ಕೋಳಿಸಾರೆಂಬುದಿಲ್ಲ. ಕುದಿಯದ ನೀರಿನಲ್ಲಿ, ಬರಿಯ ಬಿಸಿಯಾಗಿರುವ ನೀರಿನಲ್ಲಿ, ಕೋಳಿ ಬೇಯುತ್ತದೆಯೆಂದು ಯಾರಾದರೂ ಹೇಳಿದರೆ ಹೇಳಿದವನನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡುವುದು ನಮ್ಮ ಜನರ ರೀತಿ. ಹೇಳಿದವನು ನನ್ನ ಅಣ್ಣ, ಅದೂ ದುಬಾಯಿಯಿಂದ ಫೋನಿನಲ್ಲಿ ಹೇಳಿದ್ದರಿಂದ, ನನಗೆ ಹಾಗೆ ನೋಡುವ ಅನುಕೂಲವಿರಲಿಲ್ಲ.

ಅಣ್ಣ ಅಲ್ಲಿಯ ಒಂದು ಹೋಟೆಲಿನ ಅಡಿಗೆಮನೆಯಲ್ಲಿದ್ದಾನೆ. ಬೈಂದೂರಿನ ಕಡೆಯವನೊಬ್ಬ ಹೋಟೆಲಿನಲ್ಲಿದ್ದಾನೆಂದರೆ ಆಶ್ಚರ್ಯಪಡುವ ಓದುಗರು ಈ ಸಂಚಿಕೆಗೆ ಇರಲಾರರು. ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಿಲ್ಲದಂತೆ ಮುಚ್ಚಿ, 60 ಅಥವಾ 65 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟು ಬೇಯಿಸುವ ಕ್ರಮವೊಂದು ಅಲ್ಲಿ ಉಂಟಂತೆ. ಹೆಸರು ‘ಸೂ ವೀಡ್’. ಫ್ರೆಂಚ್ ಮಾತು, ‘ನಿರ್ವಾತದಲ್ಲಿ’ ಎಂದು ಅರ್ಥ. 1974ರಲ್ಲಿ ಜಾರ್ಜ್ ಪ್ರಾಲ್ಯುಸ್ ಎಂಬ ಬಾಣಸಿಗನು ಫ್ರಾನ್ಸಿನ ರೋಆನ್ ಪಟ್ಟಣದ ತ್ರೋಆಗ್ರೋ ಹೋಟೆಲಿಗಾಗಿ ಇದನ್ನು ರೂಢಿಗೆ ತಂದನು. ಬೆಲೆಬಾಳುವ ಹಕ್ಕಿಯ ಯಕೃತ್ತು ಬೇಯುವಾಗ ಕರಗಿ ತೂಕ ಕಳೆದುಕೊಳ್ಳುತ್ತಿತ್ತು. ಆ ನಷ್ಟವನ್ನು ತಪ್ಪಿಸುವುದು ಅವನ ಉದ್ದೇಶ. ಅದಕ್ಕಿಂತ ಬಹಳ ಹಿಂದೆ, 1799ರ ಸುಮಾರಿಗೆ, ಬೆಂಜಮಿನ್ ಥಾಂಪ್ಸನ್ ಎಂಬ ವಿಜ್ಞಾನಿ ಆಲೂಗೆಡ್ಡೆ ಒಣಗಿಸುವ ಯಂತ್ರದ ಹದವಾದ ಬಿಸಿಯಲ್ಲಿ ಕುರಿಯ ಮಾಂಸವನ್ನಿಟ್ಟು, ಅದು ಮೃದುವಾಗಿ ಬೆಂದುದನ್ನು ಕಂಡು ಬರೆದಿಟ್ಟಿದ್ದಾನೆ. ಇತಿಹಾಸ ಇಷ್ಟು ಸಾಕು. ನನಗೆ ಬೇಕಾಗಿದ್ದುದು ಇತಿಹಾಸವಲ್ಲ, ನಮ್ಮ ಅಮ್ಮಮ್ಮನಿಗೆ ಒಂದು ತುಂಡು ಕೋಳಿ.

ಅಮ್ಮಮ್ಮನಿಗೆ ಎಂಬತ್ತು ದಾಟಿದೆ. ಬಾಯಲ್ಲಿ ಹಲ್ಲುಗಳಿಲ್ಲ. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಎಲೆಯಡಿಕೆಯ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಡಬ್ಬಿಯಲ್ಲಿ ಸುಖವಾಗಿದೆ. ಕಳೆದ ಮಳೆಗಾಲದಿಂದ ಆಕೆಯ ಊಟವೆಂದರೆ ಗಂಜಿ, ಉಪ್ಪಿನಕಾಯಿಯ ರಸ, ಅಪರೂಪಕ್ಕೆ ಮೊಸರು. ಮೈ ಇಳಿಯುತ್ತ ಬಂತು. ಕುಂದಾಪುರದಲ್ಲಿ ಡಾಕ್ಟರಿಗೆ ತೋರಿಸಿದಾಗ ಅವರು ಮೊಟ್ಟೆ, ಮೀನು, ಕೋಳಿ, ಏನಾದರೊಂದು ಹೊಟ್ಟೆಗೆ ಹೋಗಲೇಬೇಕೆಂದರು. ಮೀನಿನ ಮುಳ್ಳಿಗೆ ಆಕೆಗೆ ಹೆದರಿಕೆ. ಕುದಿಸಿದ ಮೊಟ್ಟೆ ಗಂಟಲಿಗೆ ಅಂಟುತ್ತದೆ. ಕೋಳಿಯೆಂದರೆ ಆಸೆ; ಆದರೆ ಸಾರಿನ ಕೋಳಿ ಒಸಡಿಗೆ ಬಗ್ಗದು, ಕುಕ್ಕರಿನಲ್ಲಿ ಬೇಯಿಸಿದ್ದು ನಾರುನಾರಾಗಿ ಬಾಯಲ್ಲಿಯೇ ಉಳಿದುಬಿಡುತ್ತದೆ. ಜಗಿದು ಜಗಿದು ಕೊನೆಗೆ ಬಟ್ಟಲಿನ ಅಂಚಿಗೆ ತೆಗೆದಿಡುವಾಗ ಆಕೆ ನಮ್ಮ ಮುಖ ನೋಡುತ್ತಿರಲಿಲ್ಲ.

ಅಣ್ಣ ಹೇಳಿದ್ದು ಈ ಸಂದರ್ಭದಲ್ಲಿ. ಮಾಂಸವು ಒಣಗುವುದು ಬೆಂಕಿಯಿಂದಲ್ಲ, ಅತಿಯಾದ ಶಾಖದಿಂದ. 65 ಡಿಗ್ರಿ ದಾಟುತ್ತ ಬಂದಂತೆ ಅದರ ಎಳೆಗಳು ಕುಗ್ಗಿ, ಬಟ್ಟೆ ಹಿಂಡಿದಂತೆ ಒಳಗಿನ ನೀರನ್ನು ಹೊರಗೆ ಹಾಕುತ್ತವೆ. ಕುದಿಯುವ ಸಾರು 100 ಡಿಗ್ರಿ. ಕುಕ್ಕರಿನ ಒಳಗೆ 120ರ ಹತ್ತಿರ. ಎಲ್ಲರೂ ಹಿಟ್ಟಿನಂತೆಂದು ಹೀಗಳೆಯುವ ಎದೆಯ ತುಂಡು 63ರಿಂದ 65ರ ನಡುವೆ ನಿಂತರೆ ಬೆಣ್ಣೆಯಂತಲ್ಲದಿದ್ದರೂ ಒಳ್ಳೆಯ ಪನ್ನೀರಿನಂತೆ ಆಗುತ್ತದೆ. ಹೋಟೆಲಿನ ಯಂತ್ರವು ನೀರನ್ನು ಆ ಒಂದೇ ಶಾಖದಲ್ಲಿ ನಿಲ್ಲಿಸುತ್ತದೆ. ಅಷ್ಟೇ ಅದರ ವಿದ್ಯೆ.

ಅಮ್ಮ ದುಡಿಯುವುದು ಗೇರುಬೀಜದ ಕಾರ್ಖಾನೆಯಲ್ಲಿ. ಬೋನಸ್ಸಿನಲ್ಲಿ ಒಂದೂವರೆ ಸಾವಿರ ರೂಪಾಯಿಯನ್ನು ತೆಗೆದು ನನ್ನ ಕೈಗಿತ್ತು, “ಎಂತ ಬೇಕೋ ತಕೊ, ಹಾಳು ಮಾಡ್ಬೇಡ” ಎಂದರು. ಈ ಎರಡನೆಯ ವಾಕ್ಯವೇ ಮುಂದಿನ ಎಲ್ಲ ವಿಚಾರಕ್ಕೆ ಕಾರಣ.

ನೀರಿನ ಪಾತ್ರೆಯ ಅಂಚಿಗೆ ಸಿಕ್ಕಿಸುವ ಕೋಲಿನಂಥ ಯಂತ್ರವೊಂದುಂಟು. ಅದರೊಳಗೆ ಕಾಯಿಸುವ ಸುರುಳಿ, ನೀರನ್ನು ತಿರುಗಿಸುವ ಚಿಕ್ಕ ಪಂಪು, ಶಾಖವನ್ನು ಅಳೆದು ವಿದ್ಯುತ್ತನ್ನು ಹಾಕಿ ತೆಗೆಯುವ ಉಪಕರಣ ಮೂರೂ ಇರುತ್ತವೆ. ಉತ್ತಮವಾದ ವಸ್ತು, ಸಂಶಯವಿಲ್ಲ. ಆದರೆ ಅದರ ಬೆಲೆ ನನ್ನ ಹಣದ ಹಲವು ಪಟ್ಟು. ಅಮೇರಿಕದಿಂದ ಯಾರಾದರೂ ತಂದುಕೊಡುತ್ತಾರೆಂದರೂ ಕೈಚಾಚುವ ಮೊದಲು ಹಿಂದಿನ ಚೀಟಿಯನ್ನು ಓದಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟು, ನಮ್ಮದು 230. ಇದೆಲ್ಲ ಸರಿಹೋಯಿತೆನ್ನಿ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ಆ ಯಂತ್ರ ಏನು ಮಾಡೀತು? ನಡುಬಿಸಿಯಲ್ಲಿ ನಿಂತ ಕೋಳಿಯನ್ನು ಮುಂದಿಟ್ಟುಕೊಂಡು ಲೈನ್‌ಮನ್ನನ ದಾರಿ ಕಾಯಬೇಕು.

ಸ್ನಾನಕ್ಕೆ ನೀರು ಕಾಯಿಸುವ ರಾಡಿನ ಮಾತನ್ನು ಒಬ್ಬ ಸಹಪಾಠಿ ಎತ್ತಿದನು. ಅದಕ್ಕೆ ಶಾಖವನ್ನು ತಿಳಿಯುವ ಬುದ್ಧಿಯಿಲ್ಲ; ಹಾಕಿದರೆ ಕುದಿಸುವವರೆಗೂ ಬಿಡದು. ಅದು ನೀರಿನಲ್ಲಿರುವಾಗ ಕೈ ಹಾಕಿದವರ ಗತಿ ಎಲ್ಲರಿಗೂ ಗೊತ್ತಿದೆ. ಗಳಿಗೆಗೊಮ್ಮೆ ಪಾತ್ರೆಯನ್ನು ಮುಟ್ಟಿ ನೋಡಬೇಕಾದ ಅಡಿಗೆಗೆ ಅದು ಸಲ್ಲದು. ಇಂಡಕ್ಷನ್ ಒಲೆಯ ಮೇಲೆ 60 ಎಂದು ಅಂಕಿ ಮೂಡುವುದುಂಟು; ಆದರೆ ಅದು ಗಾಜಿನ ಕೆಳಗಿನ ಬಿಸಿಯನ್ನು ತಿಳಿಸುವ ಅಂಕಿಯೇ ಹೊರತು ಪಾತ್ರೆಯ ನಡುವಿನ ನೀರಿನದಲ್ಲ.

ಇವೆಲ್ಲಕ್ಕಿಂತ ಯೋಗ್ಯವಾಗಿ ಕಂಡದ್ದು ಇನ್ನೊಂದು. ತಂತಿಯ ತುದಿಯಲ್ಲಿ ಶಾಖ ಅಳೆಯುವ ಕಡ್ಡಿಯಿರುವ ಚಿಕ್ಕ ನಿಯಂತ್ರಕವೊಂದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾಮಾನ್ಯವಾದ, ಒತ್ತುಗುಂಡಿಯ ರೈಸ್ ಕುಕ್ಕರನ್ನು ಅದರ ಮೂಲಕ ಜೋಡಿಸಿದರೆ, ನೀರು ಹೇಳಿದ ಡಿಗ್ರಿಗೆ ಬಂದೊಡನೆ ಕರೆಂಟು ತಪ್ಪುತ್ತದೆ, ಇಳಿದೊಡನೆ ಬರುತ್ತದೆ. ಇದಕ್ಕೆ ಹಳೆಯ ಕಾಲದ ಮೂಢ ಕುಕ್ಕರೇ ಬೇಕು. ಅಂಕಿ ತೋರಿಸುವ ಜಾಣ ಕುಕ್ಕರು ಕರೆಂಟು ಹೋಗಿಬಂದ ಮೇಲೆ ತಾನು ಏನು ಮಾಡುತ್ತಿದ್ದೆನೆಂಬುದನ್ನು ಮರೆಯುತ್ತದೆ. ಮೂಢ ಕುಕ್ಕರಿನ ಗುಂಡಿ ಒತ್ತಿದಲ್ಲಿಯೇ ಇರುತ್ತದೆ. ಆದರೆ 230 ವೋಲ್ಟಿನ ತಂತಿಗಳನ್ನು ಜೋಡಿಸುವುದು ಬಿ.ಎ. ವಿದ್ಯಾರ್ಥಿಯ ಕೆಲಸವಲ್ಲ. ಐ.ಟಿ.ಐ. ಓದಿದವರೊಬ್ಬರಿಂದ ಮುಚ್ಚಿದ ಡಬ್ಬಿಯೊಳಗೆ, ಅರ್ತಿಂಗ್ ಸಹಿತ ಮಾಡಿಸಬೇಕು. ನಮ್ಮ ಮನೆಯಲ್ಲಿ ರೈಸ್ ಕುಕ್ಕರೂ ಇಲ್ಲ. ಅನ್ನ ಒಲೆಯ ಮೇಲೆಯೇ ಆಗುವುದು.

ಹೀಗೆ ಆಲೋಚನೆಯಲ್ಲಿರುವಾಗ ಬ್ರಹ್ಮಾವರದ ಕಡೆಯಿಂದ ಬರುವ ನನ್ನ ಮಿತ್ರನೊಬ್ಬ, “ನಮ್ಮ ಅಪ್ಪಯ್ಯನ ಹತ್ತಿರ ಮಾತಾಡು” ಎಂದನು. ಬಹುಕಾಲದಿಂದ ಮುಚ್ಚಿಹೋಗಿರುವ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದವರು. ಒಂದು ಭಾನುವಾರ ಅವರ ಜಗಲಿಯಲ್ಲಿ ಕುಳಿತೆ. ನಿರ್ವಾತವೆಂಬ ಮಾತು ಕಿವಿಗೆ ಬಿದ್ದೊಡನೆ ಅವರು ಗಟ್ಟಿಯಾಗಿ ನಕ್ಕರು. ಕಬ್ಬಿನ ರಸದ ಪಾಕವನ್ನು ಬಯಲಲ್ಲಿ ಕುದಿಸಿದರೆ ಸೀದು ಕಪ್ಪಾಗುತ್ತದೆ. ಆದ್ದರಿಂದ ಕಾರ್ಖಾನೆಯ ದೊಡ್ಡ ಪಾತ್ರೆಗಳೊಳಗಿನ ಗಾಳಿಯನ್ನು ಸೆಳೆದು ಒತ್ತಡವನ್ನು ತಗ್ಗಿಸುತ್ತಾರೆ, ಆಗ ಪಾಕ 70 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. “ನಿರ್ವಾತದ ಅಡಿಗೆ ಅಂದರೆ ಅದು ಮಾಣಿ. ನಿಮ್ಮ ಚೀಲದಲ್ಲಿ ನಿರ್ವಾತಕ್ಕೆ ಎಂತ ಕೆಲಸ?” ಎಂದು ಕೇಳಿದರು.

ಆ ಪ್ರಶ್ನೆಗೆ ಅವರೇ ಉತ್ತರವನ್ನೂ ಕೊಟ್ಟರು. ಚೀಲದೊಳಗಿನ ಗಾಳಿ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಮೇಲಾಗಿ ಚೀಲವನ್ನು ತೇಲಿಸಿಬಿಡುತ್ತದೆ. ಅದನ್ನು ಹೊರಹಾಕಿದರೆ ಮುಗಿಯಿತು, ಅದಕ್ಕೆ ಯಂತ್ರವೇಕೆ? ಬಾಯಿ ತೆರೆದ ಚೀಲವನ್ನು ಮೆಲ್ಲಗೆ ನೀರಿಗೆ ಇಳಿಸುತ್ತ ಹೋದರೆ ಸುತ್ತಲಿನ ನೀರೇ ಚೀಲವನ್ನು ಒತ್ತಿ ಗಾಳಿಯನ್ನು ಮೇಲಕ್ಕೆ ದೂಡುತ್ತದೆ. ನೀರು ಬಾಯಿಯವರೆಗೆ ಬಂದಾಗ ಬಿಗಿಯಬೇಕು. ಈ ಒಂದು ಮಾತಿನಿಂದ ಗಾಳಿ ತೆಗೆದು ಮುಚ್ಚುವ ಯಂತ್ರವೊಂದರ ಬೆಲೆ ನಮಗೆ ಉಳಿಯಿತು. ಹೊರಡುವಾಗ ಅವರು ಇನ್ನೊಂದು ಮಾತನ್ನೂ ಹೇಳಿದರು: ಹತ್ತು ಲೀಟರು ನೀರನ್ನು 30ರಿಂದ 65 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟು ವಿದ್ಯುತ್ತೂ ಬೇಡ, ಒಲೆಗೆ ನಾಲ್ಕು ತೆಂಗಿನ ಸಿಪ್ಪೆ ಸಾಕು. ಬಿಸಿ ಮಾಡುವುದು ಅಗ್ಗದ ಕೆಲಸ. ಬಿಸಿಯನ್ನು ಓಡಿಹೋಗದಂತೆ ಹಿಡಿದಿಡುವುದಕ್ಕೆ ಹಣ ಹಾಕಬೇಕು ಎಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಬಚ್ಚಲಿನ ತಾಮ್ರದ ಹಂಡೆ ನೆನಪಾಯಿತು. ರಾತ್ರಿ ಕಾಯಿಸಿದ ನೀರು ಬೆಳಿಗ್ಗೆಯೂ ಬೆಚ್ಚಗಿರುತ್ತದೆ, ಏಕೆಂದರೆ ನೀರು ಬಹಳ, ಸುತ್ತ ಮಣ್ಣಿನ ಗೋಡೆ. ಆದರೆ ಹಂಡೆಯ ನೀರಿಗೆ ಕೋಳಿಯನ್ನು ಇಳಿಸಿದರೆ ಅಮ್ಮ ಮನೆಯೊಳಗೆ ಸೇರಿಸುತ್ತಿರಲಿಲ್ಲ. ತ್ರಾಸಿಯ ಹತ್ತಿರ ಮೀನಿನ ಟೆಂಪೋ ಒಂದು ನಮ್ಮ ಬಸ್ಸಿನ ಮುಂದೆ ಹೋಗುತ್ತಿತ್ತು. ಅದರ ಮೇಲೆ ಬಿಳಿಯ ಥರ್ಮೊಕೋಲ್ ಪೆಟ್ಟಿಗೆಗಳು. ಗಂಗೊಳ್ಳಿಯ ಬಂದರಿನಲ್ಲಿ ಬಂಗುಡೆಯನ್ನು ಮಂಜುಗಡ್ಡೆಯೊಡನೆ ತುಂಬಿ ದೂರದ ಊರುಗಳಿಗೆ ಕಳಿಸುವುದು ಇವುಗಳಲ್ಲೇ. ಹೊರಗಿನ ಬಿಸಿಯನ್ನು ಒಳಗೆ ಬಿಡದ ಪೆಟ್ಟಿಗೆಯು ಒಳಗಿನ ಬಿಸಿಯನ್ನು ಹೊರಗೂ ಬಿಡಲಾರದಷ್ಟೆ! ಆ ವಸ್ತುವಿನ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಹಿಡಿದಿಟ್ಟ ಗಾಳಿಯೇ ಇದೆ. ಅಣ್ಣನಿಗೆ ಹೇಳಿದಾಗ, ಅಮೇರಿಕದಲ್ಲಿ ಕೆಂಜಿ ಲೋಪೆಝ್-ಆಲ್ಟ್ ಎಂಬ ಪಾಕಶಾಸ್ತ್ರದ ಲೇಖಕನು 2010ರಲ್ಲಿಯೇ ಬಿಯರ್ ತಣ್ಣಗಿಡುವ ಪೆಟ್ಟಿಗೆಯಲ್ಲಿ ಬಿಸಿನೀರು ತುಂಬಿ ಮಾಂಸ ಬೇಯಿಸುವುದನ್ನು ಬರೆದು ಪ್ರಸಿದ್ಧಪಡಿಸಿದ್ದಾನೆಂದು ತಿಳಿಸಿದನು. ಅವರದು ಬಿಯರಿನ ಪೆಟ್ಟಿಗೆ, ನಮ್ಮದು ಬಂಗುಡೆಯದು.

ಮರುದಿನ ತ್ರಾಸಿಯಲ್ಲಿ ಇಳಿದು ಗಂಗೊಳ್ಳಿಗೆ ಹೋಗಿ ಹೊಸ ಪೆಟ್ಟಿಗೆಯೊಂದನ್ನು ಇನ್ನೂರು ರೂಪಾಯಿಗೆ ತಂದೆ. ಹಳೆಯದು ಪುಕ್ಕಟೆ ಸಿಗುತ್ತಿತ್ತು. ವಾಸನೆಯೂ ಪುಕ್ಕಟೆಯಾಗಿ ಬರುತ್ತಿತ್ತು. ಪೆಟ್ಟಿಗೆಗೆ ನೇರವಾಗಿ ನೀರು ಸುರಿಯುವುದಿಲ್ಲ. ಮುಚ್ಚಳವಿರುವ ಸ್ಟೀಲ್ ಪಾತ್ರೆಯನ್ನು ಅದರೊಳಗೆ ಒಂದು ಹಲಗೆಯ ತುಂಡಿನ ಮೇಲೆ ಇಟ್ಟು, ಸುತ್ತಲಿನ ಸಂದಿಗೆ ಒಣಗಿದ ಬೈಹುಲ್ಲನ್ನು ತುರುಕಿದೆ. ಅಕ್ಕಿಮುಡಿ ಕಟ್ಟಿದ ಊರಿನವರಿಗೆ ಬೈಹುಲ್ಲಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಒಲೆಯಿಂದ ಆಗತಾನೆ ಇಳಿಸಿದ, ಕುದಿಯುವ ಪಾತ್ರೆಯನ್ನು ಇದರೊಳಗೆ ಇಡಬಾರದು. 65 ಡಿಗ್ರಿಯನ್ನು ಥರ್ಮೊಕೋಲು ತಾಳುತ್ತದೆ; 100ಕ್ಕೆ ಮೆತ್ತಗಾಗಿ ಕುಗ್ಗುತ್ತದೆ.

ಇನ್ನು ಥರ್ಮಾಮೀಟರು. ನನ್ನನ್ನು ಕೇಳಿದರೆ ಈ ಅಡಿಗೆಯ ನಿಜವಾದ ಯಂತ್ರ ಇದೇ. ಜ್ವರ ನೋಡುವ ಥರ್ಮಾಮೀಟರು 42ಕ್ಕೆ ನಿಲ್ಲುತ್ತದೆ. ಪ್ರಯೋಗಾಲಯದ ಪಾದರಸದ ಕಡ್ಡಿ 110ರವರೆಗೆ ಹೋಗುತ್ತದೆ, ಆದರೆ ಗಾಜು ಒಡೆದು ಪಾದರಸ ಅನ್ನದ ಮನೆಯಲ್ಲಿ ಚೆಲ್ಲುವುದು ಬೇಡ. ಉಕ್ಕಿನ ಕಡ್ಡಿಯುಳ್ಳ, ಅಂಕಿ ತೋರಿಸುವ ಅಡಿಗೆಯ ಥರ್ಮಾಮೀಟರನ್ನು ಕುಂದಾಪುರದ ಮಿತ್ರನೊಬ್ಬನ ಮೂಲಕ 340 ರೂಪಾಯಿಗೆ ತರಿಸಿದೆ. ತಂದದ್ದನ್ನು ನಂಬುವ ಮೊದಲು ಪರೀಕ್ಷಿಸಬೇಕು. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಅದು 0 ತೋರಿಸಬೇಕು, ಕುದಿಯುವ ನೀರಿನಲ್ಲಿ 100. ಈ ಎರಡನೆಯ ಪರೀಕ್ಷೆಯಲ್ಲಿ ನಮಗೊಂದು ಸೌಕರ್ಯವಿದೆ. ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಸುಮಾರು 96ಕ್ಕೆ; ಸಮುದ್ರದ ಮಟ್ಟದಲ್ಲಿರುವ ನಮ್ಮೂರಿನಲ್ಲಿ ಸರಿಯಾಗಿ 100ಕ್ಕೆ. ಘಟ್ಟದ ಮೇಲಿನವರು ಕೂಡಿಸಿ ಕಳೆಯಬೇಕಾದ ಲೆಕ್ಕ ಕರಾವಳಿಯವರಿಗಿಲ್ಲ.

ಲೆಕ್ಕದ ಮಾತು ಬಂದುದರಿಂದ ಹೇಳುತ್ತೇನೆ, ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದ ಮಿತ್ರರು ಗಾಬರಿಯಾಗಬೇಕಾಗಿಲ್ಲ. ನಮ್ಮ ಬಾವಿಯ ನೀರು ಅಳೆದಾಗ 28 ಡಿಗ್ರಿ ಇತ್ತು. ಪಾತ್ರೆಯಲ್ಲಿ ಐದು ಲೀಟರು ನೀರನ್ನು ಕುದಿಸಿ ಇಳಿಸಿ, ಅದಕ್ಕೆ ಐದು ಲೀಟರು ಬಾವಿಯ ನೀರನ್ನು ಸುರಿದರೆ ಏನಾಗಬೇಕು? ನೂರಕ್ಕೂ ಇಪ್ಪತ್ತೆಂಟಕ್ಕೂ ನಡುವಣ ಅಂಕಿ 64. ಪಾತ್ರೆಯೂ ಕಾದಿದ್ದರಿಂದ ಕಡ್ಡಿಯಲ್ಲಿ 65 ಕಂಡಿತು. ಸಮಸಮ! ಯಂತ್ರದ ಕೋಲು ಗುಂಡಿ ಒತ್ತಿಸಿಕೊಂಡು ಮಾಡುವ ಕೆಲಸವನ್ನು ಎರಡು ಕೊಡಪಾನಗಳು ಮಾಡಿದವು. ಮುಚ್ಚಳ ತೆಗೆದಿಟ್ಟ ಪಾತ್ರೆಯ ನೀರು ಅರ್ಧ ಗಂಟೆಯಲ್ಲಿಯೇ ಹತ್ತು ಡಿಗ್ರಿ ಇಳಿಯಿತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು ಗಂಟೆಗೆ ಮೂರು ಡಿಗ್ರಿ ಮಾತ್ರ. ಮುಕ್ಕಾಲು ಲೀಟರು ಕುದಿಯುವ ನೀರು ಸೇರಿಸಿದರೆ ಮತ್ತೆ ಮೊದಲಿನ ಅಂಕಿಗೆ ಬರುತ್ತದೆ. ಹತ್ತು ಲೀಟರು ಏಕೆ, ನಾಲ್ಕು ಲೀಟರು ಸಾಲದೇ ಎಂದು ಅಮ್ಮ ಕೇಳಿದರು. ಅರ್ಧ ಕಿಲೋ ತಣ್ಣನೆಯ ಮಾಂಸ ಹತ್ತು ಲೀಟರನ್ನು ಒಂದೂವರೆ ಡಿಗ್ರಿಯಷ್ಟು ಇಳಿಸುತ್ತದೆ. ನಾಲ್ಕು ಲೀಟರಾದರೆ ನಾಲ್ಕು ಡಿಗ್ರಿಯ ಹತ್ತಿರ ಇಳಿಸಿಬಿಡುತ್ತದೆ.

ಚೀಲದ ವಿಷಯದಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರು ಸಂಶಯ ತೆಗೆದರು. ಪ್ಲಾಸ್ಟಿಕ್ಕು ಕರಗಿ ಅಮ್ಮಮ್ಮನ ಹೊಟ್ಟೆಗೆ ಹೋಗದೇ? ಸಂಶಯ ಯೋಗ್ಯವಾದದ್ದೇ. ಆಹಾರಕ್ಕೆಂದೇ ತಯಾರಾದ ಪಾಲಿಥೀನ್ ಚೀಲ ಕರಗಬೇಕಾದರೆ 100 ಡಿಗ್ರಿ ದಾಟಬೇಕು. ಅಂಥವನ್ನು ಮಾತ್ರ ತರಬೇಕು, ಒಮ್ಮೆ ಮಾತ್ರ ಬಳಸಬೇಕು. ಅಂಗಡಿಯವರು ಮೀನು ಹಾಕಿಕೊಡುವ ಕಪ್ಪು ಚೀಲವನ್ನು ಈ ಕೆಲಸಕ್ಕೆ ಯಾರೂ ಮುಟ್ಟಕೂಡದು. ಮೊಟ್ಟೆಗಾದರೆ ಚೀಲವೇ ಬೇಡ, ಚಿಪ್ಪೇ ಚೀಲ. ಹಾಸ್ಟೆಲಿನ ಮಿತ್ರರು ಪ್ರಯೋಗ ಮಾಡುವುದಾದರೆ ಮೊಟ್ಟೆಯಿಂದ ಆರಂಭಿಸಿದರೆ ಒಳ್ಳೆಯದು. 64, 65 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಮೊಟ್ಟೆಯ ಬಿಳಿಯು ಎಳೆಮೊಸರಿನಂತೆ, ಹಳದಿಯು ಗಟ್ಟಿ ಪಾಯಸದಂತೆ ಆಗುತ್ತದೆ. ಗಂಟಲಿಗೆ ಅಂಟುವುದಿಲ್ಲ. ಅಮ್ಮಮ್ಮ ಮೊದಲು ತಿಂದುದೂ ಇದನ್ನೇ, ಗಂಜಿಯ ನಡುವೆ ಒಡೆದು ಹಾಕಿಕೊಂಡು.

ಕೋಳಿಗೆ ಕೈಹಾಕುವ ಮೊದಲು ಎರಡು ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಕುದಿಯುವ ಸಾರಿನಲ್ಲಿ ಯಾವ ಕ್ರಿಮಿಯೂ ಉಳಿಯದೆಂಬ ಧೈರ್ಯವಿದೆ. 60ರ ನೀರಿನಲ್ಲಿ ಆ ಧೈರ್ಯವನ್ನು ಗಡಿಯಾರದಿಂದ ಪಡೆಯಬೇಕು. ಕೋಳಿಮಾಂಸದ ನಡುಭಾಗವೂ 60ಕ್ಕೆ ಬಂದ ಮೇಲೆ ಸುಮಾರು ಅರ್ಧ ಗಂಟೆ ಹಾಗೆಯೇ ಇದ್ದರೆ ರೋಗಕ್ರಿಮಿಗಳು ಸಾಯುತ್ತವೆ. 65 ಆದರೆ ಕೆಲವೇ ನಿಮಿಷ ಸಾಕು. ಆದರೆ ನಡುಭಾಗಕ್ಕೆ ಶಾಖ ಮುಟ್ಟುವುದು ನಿಧಾನ, ತುಂಡಿನ ದಪ್ಪ ಇಮ್ಮಡಿಯಾದರೆ ವೇಳೆ ಸುಮಾರು ನಾಲ್ಮಡಿ. ಅದಕ್ಕಾಗಿ ಎರಡೂವರೆ ಸೆಂಟಿಮೀಟರಿಗಿಂತ ದಪ್ಪವಿಲ್ಲದಂತೆ ಕೊಯ್ದು, ಚೀಲದಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ನೀರನ್ನು 66ರಿಂದ ಆರಂಭಿಸಿ 63ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡು ಎರಡು ಗಂಟೆ ಇಡುವುದೆಂದು ನಿಶ್ಚಯಿಸಿದೆ. 60ರಲ್ಲಿ ಇನ್ನೂ ಮೃದುವಾದೀತೆಂದು ಅಣ್ಣನ ಮತ. ಅವನ ಹೋಟೆಲಿಗೆ ಬರುವವರು ಗಟ್ಟಿಮುಟ್ಟಾದ ಪ್ರವಾಸಿಗಳು. ನಮ್ಮಲ್ಲಿ ಉಣ್ಣುವವಳು ಎಂಬತ್ತರ ಮುದುಕಿ. ಉಳಿದದ್ದನ್ನು ಎತ್ತಿಡುವ ಮಾತೇ ಇಲ್ಲ. ಗಾಳಿಯಿಲ್ಲದ ಚೀಲದಲ್ಲಿಯೇ ಸುಖವಾಗಿ ಬೆಳೆಯುವ, ವಿಷ ಉಗುಳುವ ಕ್ರಿಮಿಯೊಂದಿದೆ. ಅದರ ಬೀಜಾಣು ಈ ಶಾಖಕ್ಕೆ ಸಾಯುವುದಿಲ್ಲ. ಬೆಂದದ್ದನ್ನು ಆಗಲೇ ತಿನ್ನಬೇಕು. ಹಸಿ ಬೆಳ್ಳುಳ್ಳಿಯನ್ನೂ ಎಣ್ಣೆಯನ್ನೂ ಚೀಲದಲ್ಲಿ ಹಾಕಿ ನಾಳೆಗೆಂದು ಇಡುವವರು ಆ ಯೋಚನೆಯನ್ನು ಬಿಡಬೇಕು.

ಹಿತ್ತಲಿನ ಕಡೆಯ ಜಗಲಿಯಲ್ಲಿ ಪೆಟ್ಟಿಗೆಯನ್ನಿಟ್ಟು, ಅರ್ಧ ಗಂಟೆಗೊಮ್ಮೆ ಕಡ್ಡಿ ಇಳಿಸಿ ಅಂಕಿಯನ್ನು ನೋಟ್ ಪುಸ್ತಕದಲ್ಲಿ ಬರೆಯುತ್ತ ಕುಳಿತಿದ್ದಾಗ ಅಮ್ಮಮ್ಮ ಕೋಲೂರಿಕೊಂಡು ಬಂದು ಇಣುಕಿದಳು. “ಎಂತ ಮಗಾ, ಕೋಳಿಗೆ ಮೀಸೂದಾ?” ಎಂದಳು. ಅಂದಿನಿಂದ ಮನೆಯಲ್ಲಿ ಈ ಉಪಕರಣಕ್ಕೆ ಬೇರೆ ಹೆಸರಿಲ್ಲ.

ಸಾರನ್ನು ಅಮ್ಮ ಬೇರೆಯಾಗಿ, ಎಂದಿನಂತೆ ಮಾಡಿದ್ದರು. ಎದೆಯ ತುಂಡನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ಅದರ ಮೇಲೆ ಸಾರು ಬಿಟ್ಟು ಕೊಟ್ಟೆವು. ಅಮ್ಮಮ್ಮ ಒಂದನ್ನು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಎರಡನೆಯದನ್ನು ತೆಗೆದುಕೊಂಡಳು, ಮೂರನೆಯದನ್ನೂ ತೆಗೆದುಕೊಂಡಳು. ಬಟ್ಟಲಿನ ಅಂಚಿನಲ್ಲಿ ಏನೂ ಉಳಿಯಲಿಲ್ಲ. “ಹಲ್ಲಿಲ್ದಿರೂ ತಿಂಬುಕಾತ್ ಕಾಣ್” ಎಂದು ಅಮ್ಮನಿಗೆ ಹೇಳಿದಳು. ಸ್ವಲ್ಪ ತಡೆದು, “ಆರೆ ಕೋಳಿ ರುಚಿ ಸಾರಿಗಿಳೀಲಿಲ್ಲ” ಎಂದೂ ಸೇರಿಸಿದಳು. ವಿಮರ್ಶೆ ಸರಿಯಾಗಿತ್ತು. ಮರುವಾರದಿಂದ ಎಲುಬನ್ನು ಸಾರಿನಲ್ಲಿ ಚೆನ್ನಾಗಿ ಕುದಿಸುವುದು, ಚೀಲದಲ್ಲಿ ಬಿಟ್ಟ ರಸವನ್ನೂ ಅದಕ್ಕೇ ಸುರಿದು ಮತ್ತೊಮ್ಮೆ ಕುದಿ ಬರಿಸುವುದು ಎಂದಾಯಿತು. ಆಕೆಯ ಎರಡನೆಯ ದೂರು ಅಲ್ಲಿಗೆ ನಿಂತಿತು.

ಮೀನನ್ನು ಇದರಲ್ಲಿ ಬೇಯಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಬೇಯಿಸಬಹುದು; ಆದರೆ ಐದು ನಿಮಿಷದಲ್ಲಿ ಹುಳಿಮೆಣಸಿನಲ್ಲಿ ಬೆಂದು ಬರುವ ಬಂಗುಡೆಯನ್ನು ಗಡಿಯಾರ ನೋಡಿಕೊಂಡು ಮೀಯಿಸುವುದು ನನಗೆ ಬಂಗುಡೆಗೆ ಮಾಡುವ ಅವಮಾನವೆಂದೇ ತೋರುತ್ತದೆ.

ಪೆಟ್ಟಿಗೆ 200, ಥರ್ಮಾಮೀಟರು 340, ಚೀಲಗಳು 150, ಒಟ್ಟು 690. ಪಾತ್ರೆ, ಹಲಗೆ, ಬೈಹುಲ್ಲು, ಸೌದೆ ಮನೆಯವು. ಉಳಿದ 810 ರೂಪಾಯಿಯನ್ನು ಅಮ್ಮನಿಗೆ ಹಿಂದಿರುಗಿಸಿದೆ. ಅವರು ಎಣಿಸಿ ನೋಡಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟರು.

ಈಗ ಅಮ್ಮಮ್ಮನ ಹೊಸ ಬೇಡಿಕೆಯೊಂದು ಎದ್ದಿದೆ. ಅಂಗಡಿಯ ಬ್ರಾಯ್ಲರು ಸಾಕಂತೆ, ಊರ ಕೋಳಿಯ ಕಾಲು ಬೇಕಂತೆ. ಊರ ಕೋಳಿಯ ಕಾಲಿನ ನರ ಸ್ನಾಯು ಕರಗಿ ಮೆತ್ತಗಾಗಬೇಕಾದರೆ 65, 70 ಡಿಗ್ರಿಯಲ್ಲಿ ಹಗಲು ರಾತ್ರಿ ಇಡಬೇಕು. ಗಂಟೆಗೆ ಮೂರು ಡಿಗ್ರಿ ಇಳಿಯುವ ನಮ್ಮ ಪೆಟ್ಟಿಗೆಯ ಮುಂದೆ ಅಷ್ಟು ಹೊತ್ತು ಕೂರುವವರು ಯಾರು? ಬ್ರಹ್ಮಾವರದ ಮಿತ್ರನ ಮನೆಯಲ್ಲಿ ಹಳೆಯ ಮೂಢ ರೈಸ್ ಕುಕ್ಕರೊಂದು ಅಟ್ಟದ ಮೇಲಿದೆಯಂತೆ, ಕೊಡುತ್ತೇನೆಂದಿದ್ದಾನೆ. ನಿಯಂತ್ರಕಕ್ಕೆ ಅಕ್ಕಿ ಡಬ್ಬಿಯ ಹಿಂದಿನ ಹಣ ಸಾಲುತ್ತದೆ. ತಂತಿ ಜೋಡಿಸಿಕೊಡುವವರನ್ನು ಪರೀಕ್ಷೆ ಮುಗಿದ ಮೇಲೆ ಹುಡುಕಬೇಕು.